ಹೂಂಗುಟ್ಟುವ ಯಂತ್ರ

ಜೋಸೆಫ್ ವೈಜನ್‌ಬಾಮ್ ಬರೆದ 'ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್' 1976ರಲ್ಲಿ ಬಂದ ಪುಸ್ತಕ. ಅದನ್ನು ಮೊದಲಿಂದ ಕೊನೆಯವರೆಗೆ ಓದಿದವರು ಕಡಿಮೆ. ಅದರ ಪೀಠಿಕೆಯಲ್ಲಿ ಬರುವ ಒಂದು ಪ್ರಸಂಗವನ್ನು ಎಲ್ಲೋ ಕೇಳಿ ಬಲ್ಲವರು ಮಾತ್ರ ಬಹಳ. ಯಂತ್ರದ ಜೊತೆ ಮನುಷ್ಯರು ಮಾತಾಡುವ ವಿಷಯ ಎತ್ತಿದಾಗಲೆಲ್ಲ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ವೈಜನ್‌ಬಾಮ್ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಟೈಪ್ ಮಾಡಿದ ಇಂಗ್ಲಿಷ್ ವಾಕ್ಯಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಒಂದು ಪ್ರೋಗ್ರಾಂ ಬರೆದು ಅದಕ್ಕೆ 'ಎಲೈಜಾ' ಎಂದು ಹೆಸರಿಟ್ಟಿದ್ದರು. ಅವರ ಕಾರ್ಯದರ್ಶಿ, ತಿಂಗಳುಗಟ್ಟಲೆ ಆ ಪ್ರೋಗ್ರಾಂ ಬೆಳೆಯುವುದನ್ನು ಹತ್ತಿರದಿಂದ ನೋಡಿದ್ದಾಕೆ, ಒಮ್ಮೆ ಅದರ ಜೊತೆ ಮಾತಿಗೆ ಕೂತರು. ನಾಲ್ಕಾರು ಮಾತು ಆಗುವಷ್ಟರಲ್ಲಿ ವೈಜನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರು.

ಪ್ರಸಂಗ ಇಷ್ಟೇ, ಪುಸ್ತಕದಲ್ಲಿ ಎರಡು ವಾಕ್ಯ. ಇದರಿಂದ ವೈಜನ್‌ಬಾಮ್ ತೆಗೆದ ತೀರ್ಮಾನ ದೊಡ್ಡದು: ತೀರಾ ಸರಳವಾದ ಪ್ರೋಗ್ರಾಂ ಒಂದರ ಜೊತೆ ಸ್ವಲ್ಪ ಹೊತ್ತು ಕಳೆದರೆ ಸಾಕು, ಸರಿಯಾದ ಮನಸ್ಥಿತಿಯ ಜನರಿಗೂ ಬಲವಾದ ಭ್ರಮೆ ಹಿಡಿಯುತ್ತದೆ. ಈ ತೀರ್ಮಾನವನ್ನು ಸುಮಾರು ಐವತ್ತು ವರ್ಷಗಳಿಂದ ಎಲ್ಲರೂ ಒಪ್ಪಿಕೊಂಡು ಬಂದಿದ್ದಾರೆ. ಯಂತ್ರವನ್ನು ಮನುಷ್ಯನೆಂದು ನಂಬುವ ನಮ್ಮ ದೌರ್ಬಲ್ಯಕ್ಕೆ 'ಎಲೈಜಾ ಪರಿಣಾಮ' ಎಂಬ ಹೆಸರೇ ನಿಂತುಬಿಟ್ಟಿದೆ. ನನಗೆ ಈ ಪುಸ್ತಕದ ಮೇಲೆ ಬಹಳ ಗೌರವ. ಆದರೆ ಅದರ ಅತಿ ಪ್ರಸಿದ್ಧ ಪ್ರಸಂಗವನ್ನು ಬರೆದವರೇ ತಪ್ಪಾಗಿ ಓದಿದ್ದಾರೆ ಎಂದು ನನ್ನ ವಾದ. ಕಾರ್ಯದರ್ಶಿಗೆ ಭ್ರಮೆ ಹಿಡಿದಿತ್ತು ಎನ್ನುವುದಕ್ಕೆ ಆ ಪುಟದಲ್ಲಿ ಆಧಾರವಿಲ್ಲ. ಆಕೆಗೆ ವಿಷಯ ಸ್ಪಷ್ಟವಾಗಿ ಗೊತ್ತಿತ್ತು ಎನ್ನುವುದಕ್ಕೆ ಇದೆ.

ಮೊದಲು ಯಂತ್ರದ ಕಥೆ. ಎಲೈಜಾ 1964ರಿಂದ 1966ರ ನಡುವೆ ತಯಾರಾಯಿತು. ಅದರ ವಿವರಗಳ ಲೇಖನ 1966ರ ಜನವರಿಯಲ್ಲಿ ಅಮೆರಿಕದ ಕಂಪ್ಯೂಟರ್ ವಿದ್ವಾಂಸರ ಪತ್ರಿಕೆಯೊಂದರಲ್ಲಿ ಬಂತು. ಅದು ಓಡುತ್ತಿದ್ದದ್ದು ಐಬಿಎಂ 7094 ಎಂಬ ಕೋಣೆ ತುಂಬುವ ಯಂತ್ರದ ಮೇಲೆ. ಒಂದೇ ಯಂತ್ರವನ್ನು ಹಲವರು ಬೇರೆ ಬೇರೆ ಕಡೆ ಕೂತು ಹಂಚಿಕೊಂಡು ಬಳಸುವ ವ್ಯವಸ್ಥೆ ಎಂಐಟಿಯಲ್ಲಿ ಆಗಷ್ಟೇ ನೆಲೆಗೊಳ್ಳುತ್ತಿತ್ತು. ಈಗಿನಂಥ ಪರದೆ ಇರಲಿಲ್ಲ. ಟೈಪ್‌ರೈಟರಿನಂಥ ಒಂದು ಟರ್ಮಿನಲ್. ನೀವು ಟೈಪ್ ಮಾಡಿದ್ದೂ ಯಂತ್ರ ಕೊಟ್ಟ ಉತ್ತರವೂ ಒಂದೇ ಕಾಗದದ ಮೇಲೆ, ಒಂದರ ಕೆಳಗೊಂದು ಅಚ್ಚಾಗಿ ಮೇಲಕ್ಕೆ ಸರಿಯುತ್ತಿತ್ತು. ಈ ಕಾಗದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಎಲೈಜಾಕ್ಕೆ ಬೇರೆ ಬೇರೆ ಪಾತ್ರಗಳನ್ನು ಕಲಿಸಬಹುದಿತ್ತು. ಪ್ರಸಿದ್ಧವಾದದ್ದು 'ಡಾಕ್ಟರ್' ಎಂಬ ಪಾತ್ರ. ಕಾರ್ಲ್ ರೋಜರ್ಸ್ ಪಂಥದ ಮನೋಚಿಕಿತ್ಸಕರು ರೋಗಿಯ ಮಾತನ್ನೇ ತಿರುಗಿಸಿ ರೋಗಿಗೆ ಕೇಳಿಸುತ್ತಾರಲ್ಲ, ಅದರ ಅಣಕು. ಈ ಪಾತ್ರ ಆರಿಸಿದ್ದಕ್ಕೆ ವೈಜನ್‌ಬಾಮ್ ಕೊಡುವ ಕಾರಣ ಜಾಣತನದ್ದು. ಪ್ರಪಂಚದ ಬಗ್ಗೆ ಏನೇನೂ ಗೊತ್ತಿಲ್ಲದವರಂತೆ ಮಾತಾಡಿದರೂ ನಡೆದುಹೋಗುವ ಕೆಲಸ ಮನೋಚಿಕಿತ್ಸಕರದ್ದು. ದೋಣಿಯಲ್ಲಿ ದೂರ ಹೋಗಿಬಂದೆ ಎಂದು ರೋಗಿ ಹೇಳಿ, ದೋಣಿಯ ಬಗ್ಗೆ ಹೇಳಿ ಎಂದು ಡಾಕ್ಟರ್ ಕೇಳಿದರೆ, ಡಾಕ್ಟರಿಗೆ ದೋಣಿ ಅಂದರೇನು ಗೊತ್ತಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಏನೋ ಉದ್ದೇಶ ಇಟ್ಟುಕೊಂಡು ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಯಂತ್ರದ ಅಜ್ಞಾನವನ್ನು ಮುಚ್ಚುವ ಹೊದಿಕೆಯನ್ನು ರೋಗಿಯೇ ತಂದು ಹೊದಿಸುತ್ತಾನೆ.

ಒಳಗಿನ ಕೆಲಸ ಸರಳ. ವಾಕ್ಯದಲ್ಲಿ ಮುಖ್ಯ ಪದವೊಂದನ್ನು ಹುಡುಕುವುದು, ಆ ಪದಕ್ಕೆ ಹೊಂದಿಸಿಟ್ಟ ಅಚ್ಚಿನಂತೆ ವಾಕ್ಯವನ್ನು ತುಂಡು ಮಾಡುವುದು, 'ನಾನು' ಇದ್ದಲ್ಲಿ 'ನೀವು', 'ನನ್ನ' ಇದ್ದಲ್ಲಿ 'ನಿಮ್ಮ' ಹಾಕಿ ಬೇರೆ ಅಚ್ಚಿನಲ್ಲಿ ಜೋಡಿಸುವುದು. ಪದಗಳಿಗೆ ತೂಕವಿದೆ. 'ಡಾಕ್ಟರ್' ಪಾತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಯಾವ ಪದಕ್ಕೆ ಗೊತ್ತೇ? 'ಕಂಪ್ಯೂಟರ್' ಎಂಬ ಪದಕ್ಕೇ. ಯಾರಾದರೂ ಆ ಪದ ಎತ್ತಿದರೆ ಸಾಕು, ತಾಯಿ ತಂದೆ ಕನಸು ನೆನಪು ಎಲ್ಲ ಬದಿಗಿಟ್ಟು, ಕಂಪ್ಯೂಟರ್ ಕಂಡರೆ ನಿಮಗೆ ಚಿಂತೆಯೇ ಎಂಬ ಧಾಟಿಯಲ್ಲಿ ಅದು ಕೇಳುತ್ತದೆ. ಏನೂ ಸಿಗದಿದ್ದಾಗ ಆಡಲು ಇನ್ನೊಂದು ಉಪಾಯ: ನೀವು ಹಿಂದೆ 'ನನ್ನ' ಎಂದು ಹೇಳಿದ್ದ ಯಾವುದೋ ಮಾತನ್ನು ಕೂಡಿಟ್ಟುಕೊಂಡಿದ್ದು ಮತ್ತೆ ಎತ್ತುವುದು. ಲೇಖನದಲ್ಲಿ ಅಚ್ಚಾದ ಮಾದರಿ ಸಂಭಾಷಣೆಯಲ್ಲಿ ಒಬ್ಬ ಯುವತಿ ತನ್ನ ಗೆಳೆಯನ ಒತ್ತಾಯಕ್ಕೆ ಬಂದೆನೆಂದು ಹೇಳಿ, ಮಾತು ತಂದೆಯ ಕಡೆ ಹೊರಳಿ, ಕೊನೆಗೆ ದಬ್ಬಾಳಿಕೆ ಮಾಡುವವರ ಕುರಿತು ಒಂದೇ ಪದ ಬರೆಯುತ್ತಾಳೆ. ಯಂತ್ರಕ್ಕೆ ಆ ಪದ ಗೊತ್ತಿಲ್ಲ. ಕೂಡಿಟ್ಟಿದ್ದ ಗೆಳೆಯನ ಮಾತನ್ನು ತೆಗೆದು, ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳುತ್ತದೆ. ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಳಗೆ ನಡೆದದ್ದು ಮಾತ್ರ ಜೇಬಿನಲ್ಲಿದ್ದ ಚೀಟಿ ತೆಗೆದು ಓದಿದ ಕೆಲಸ.

ನಮ್ಮಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ಹೂಂಗುಟ್ಟುವುದು. ಅಜ್ಜಿ ಕಥೆ ಹೇಳುವಾಗ ಮಗು ಹೂಂ ಅನ್ನುತ್ತಿರಬೇಕು. ನಿಲ್ಲಿಸಿದರೆ ಕಥೆ ನಿಲ್ಲುತ್ತದೆ. ಹೂಂಗುಟ್ಟುವವರಿಗೆ ಕಥೆ ಅರ್ಥವಾಗಬೇಕೆಂದೇನೂ ಇಲ್ಲ, ಅರ್ಧ ನಿದ್ದೆಯಲ್ಲೂ ಹೂಂ ಅನ್ನಬಹುದು. ಆದರೂ ಆ ಹೂಂ ಇಲ್ಲದೆ ಹೇಳುವವರ ಬಾಯಿಂದ ಮುಂದಿನ ಮಾತು ಹೊರಡುವುದಿಲ್ಲ. ಎಲೈಜಾ ಮಾಡಿದ್ದು ಇದನ್ನೇ. ಹೂಂಗುಟ್ಟುವ ಮಗುವಿಗೆ ಕಥೆ ಪೂರ್ತಿ ತಿಳಿಯುತ್ತಿದೆ ಎಂದು ಯಾವ ಅಜ್ಜಿಯೂ ಭ್ರಮಿಸಿದ್ದಿಲ್ಲ.

ವೈಜನ್‌ಬಾಮ್ ಬೆಚ್ಚಿಬಿದ್ದದ್ದು ಮೂರು ಕಾರಣಕ್ಕೆ. ಒಂದು, ಮನೋವೈದ್ಯರೇ ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ನಂಬಿದ್ದು. ಸ್ಟ್ಯಾನ್‌ಫರ್ಡಿನ ಕೆನೆತ್ ಕಾಲ್ಬಿ ಮತ್ತು ಸಂಗಡಿಗರು ಇಂಥದ್ದೇ ಒಂದು ಪ್ರೋಗ್ರಾಂ ಕುರಿತು 1966ರಲ್ಲೇ ಬರೆಯುತ್ತಾ, ಒಂದು ಕಂಪ್ಯೂಟರ್ ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಲ್ಲದು ಎಂದು ಲೆಕ್ಕ ಹಾಕಿದ್ದರು. ಎರಡು, ಬಳಸಿದವರು ಅದಕ್ಕೆ ಬೇಗ ಅಂಟಿಕೊಂಡದ್ದು. ಮೂರು, ಯಂತ್ರಕ್ಕೆ ಭಾಷೆ ಅರ್ಥವಾಗುವ ಸಮಸ್ಯೆಯೇ ಬಗೆಹರಿಯಿತೆಂದು ಜನ ತಿಳಿದದ್ದು. ಮೊದಲನೆಯ ಮತ್ತು ಮೂರನೆಯ ವಿಷಯದಲ್ಲಿ ಅವರ ಸಿಟ್ಟು ನ್ಯಾಯವಾದದ್ದು. ನನ್ನ ತಕರಾರು ಎರಡನೆಯದರ ಬಗ್ಗೆ.

ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಟರ್ಮಿನಲ್ ಮುಂದೆ ಒಬ್ಬ ಮಹಿಳೆ. ಟೈಪ್ ಮಾಡಿದ್ದೆಲ್ಲ ಕಾಗದದ ಮೇಲೆ ಮೂಡುತ್ತಿದೆ. ಅದೇ ಕೋಣೆಯಲ್ಲಿ ಒಬ್ಬ ಗಂಡಸು, ಆಕೆಯ ಮೇಲಧಿಕಾರಿ. ಯಂತ್ರ ಅದರ ಪಾಡಿಗೆ ನಿಮ್ಮ ಮನೆಯವರ ಬಗ್ಗೆ ಹೇಳಿ ಎಂದು ಕೇಳುತ್ತಿದೆ. ಈಗ ಆಕೆ ಯಾರನ್ನು ಹೊರಗೆ ಕಳಿಸಬೇಕು? ಯಂತ್ರ ಮನುಷ್ಯನೆಂದು ನಂಬಿದ್ದರೆ ನಾಚಿಕೆ ಯಂತ್ರದ ಮುಂದೆಯೂ ಬರಬೇಕಿತ್ತು. ಆಕೆಗೆ ನಾಚಿಕೆಯಾದದ್ದು ಮನುಷ್ಯನ ಮುಂದೆ. ಯಂತ್ರದೊಳಗೆ ಯಾರೂ ಇಲ್ಲ, ಕೋಣೆಯೊಳಗೆ ಒಬ್ಬರಿದ್ದಾರೆ ಎಂದು ಆಕೆಗೆ ಚೆನ್ನಾಗಿ ತಿಳಿದಿತ್ತು. ದಿನಚರಿ ಬರೆಯುವವರು ಬೆನ್ನ ಹಿಂದೆ ಯಾರಾದರೂ ಬಂದರೆ ಪುಸ್ತಕ ಮುಚ್ಚುತ್ತಾರೆ. ಹಾಗೆಂದು ಅವರು ದಿನಚರಿಯನ್ನು ಜೀವವಿರುವ ಪ್ರಾಣಿಯೆಂದು ನಂಬಿದ್ದಾರೆ ಎನ್ನುತ್ತೇವೆಯೇ?

ಇದಾದ ಮೇಲೆ ಬರುವ ವಾಕ್ಯಗಳು ಇನ್ನೂ ಕುತೂಹಲದವು. ಇವನ್ನು ಯಾರೂ ಎತ್ತಿ ಹೇಳುವುದಿಲ್ಲ. ಜನ ಎಲೈಜಾ ಜೊತೆ ಆಡಿದ ಮಾತುಗಳನ್ನೆಲ್ಲ, ಉದಾಹರಣೆಗೆ ಒಂದು ರಾತ್ರಿಯವನ್ನು, ತಾನು ನೋಡಲು ಸಾಧ್ಯವಾಗುವಂತೆ ವ್ಯವಸ್ಥೆ ಮಾಡಬಹುದು ಎಂದು ವೈಜನ್‌ಬಾಮ್ ಒಮ್ಮೆ ಸೂಚಿಸಿದರಂತೆ. ಕೂಡಲೇ ಆರೋಪಗಳ ಸುರಿಮಳೆ: ಇದು ಜನರ ಅಂತರಂಗವನ್ನು ಕದ್ದು ನೋಡುವ ಬೇಹುಗಾರಿಕೆ! ಇದನ್ನೂ ಅವರು ಭ್ರಮೆಯ ಲೆಕ್ಕಕ್ಕೇ ಸೇರಿಸುತ್ತಾರೆ, ಜನ ಯಂತ್ರವನ್ನು ವ್ಯಕ್ತಿಯೆಂದು ಬಗೆದದ್ದಕ್ಕೆ ಇದೇ ಸಾಕ್ಷಿಯೆಂದು. ಪುಸ್ತಕದ ಈ ಭಾಗಕ್ಕೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಮತ್ತೆ ಹಿಂದಿನಿಂದ ಓದಿದೆ. ಆ ಜನ ಹೇಳಿದ್ದು ಅಕ್ಷರಶಃ ನಿಜವಲ್ಲವೇ? ಒಬ್ಬ ಮನುಷ್ಯ ಇತರ ಮನುಷ್ಯರ ಖಾಸಗಿ ಮಾತುಗಳನ್ನು ಓದಲು ಹೊರಟಿದ್ದ. ಅವರು ಬೇಡ ಎಂದರು. ಇದರಲ್ಲಿ ಯಂತ್ರ ವ್ಯಕ್ತಿಯೇ ಅಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಂತ್ರ ಕೇಳಿಸಿಕೊಳ್ಳುತ್ತದೆಯೇ ಎಂಬ ಗಹನ ಪ್ರಶ್ನೆಯಲ್ಲಿ ಮುಳುಗಿದ್ದ ಪ್ರಾಧ್ಯಾಪಕರಿಗೆ, ಯಂತ್ರದ ಮೂಲಕ ಕೇಳಿಸಿಕೊಳ್ಳುವವನು ತಾನೇ ಎಂಬುದು ಕಾಣಲಿಲ್ಲ. ಈಗ ನಾವು ಫೋನಿನಲ್ಲಿ ಟೈಪ್ ಮಾಡುವ ಸಂಕಟಗಳು ಯಾವುದೋ ಕಂಪನಿಯ ಸರ್ವರಿನಲ್ಲಿ ಉಳಿಯುತ್ತವೆ. ಅಂದು ಗಲಾಟೆ ಮಾಡಿದವರು ಮುಂದೆ ಬರುವುದನ್ನು ಗುರುತಿಸಿದ್ದರು ಎನ್ನಬೇಕು. ಅವರ ದೂರನ್ನು ರೋಗಲಕ್ಷಣವೆಂದು ಬರೆದುಕೊಂಡದ್ದರಿಂದ ಪುಸ್ತಕಕ್ಕೆ ಒಂದು ದೊಡ್ಡ ನಷ್ಟವಾಗಿದೆ.

ಇನ್ನೊಂದು ಮಾತು. ಯಂತ್ರಕ್ಕೆ ಹೆಸರಿದೆ, ಬರ್ನಾರ್ಡ್ ಶಾ ಅವರ 'ಪಿಗ್ಮೇಲಿಯನ್' ನಾಟಕದಲ್ಲಿ ಮೇಲ್ವರ್ಗದ ಇಂಗ್ಲಿಷ್ ಕಲಿಸಿಕೊಳ್ಳುವ ಹೂ ಮಾರುವ ಹುಡುಗಿಯ ಹೆಸರು. ಕಾರ್ಯದರ್ಶಿಗೆ ಹೆಸರಿಲ್ಲ. ಆಕೆ ಏನು ಟೈಪ್ ಮಾಡಿದರು, ಪ್ರಾಧ್ಯಾಪಕರು ನಿಜಕ್ಕೂ ಹೊರಗೆ ಹೋದರೇ, ಆಮೇಲೆ ಆಕೆ ಏನಾದರೂ ಹೇಳಿದರೇ, ಯಾವುದೂ ಪುಸ್ತಕದಲ್ಲಿಲ್ಲ. ಯಾಕೆ ಹೊರಗೆ ಹೋಗಬೇಕು ಎಂದು ಆಕೆಯನ್ನು ಕೇಳಿದ್ದಾಗಿಯೂ ಅಲ್ಲಿಲ್ಲ. ಮನುಷ್ಯರು ಮನುಷ್ಯರನ್ನು ಕೇಳಿಸಿಕೊಳ್ಳಬೇಕು ಎಂದು ಮುನ್ನೂರು ಪುಟಗಳಷ್ಟು ವಾದಿಸುವ ಪುಸ್ತಕದಲ್ಲಿ ಇದು ಸಣ್ಣ ಲೋಪವಲ್ಲ.

ವೈಜನ್‌ಬಾಮ್ ಯಾರು, ಅವರಿಗೆ ಈ ಭಯ ಎಲ್ಲಿಂದ ಬಂತು ಎಂದು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಅವರು ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ. ಹಿಟ್ಲರನ ಕಾಲದಲ್ಲಿ, 1936ರಲ್ಲಿ, ಕುಟುಂಬ ಅಮೆರಿಕಕ್ಕೆ ಹೋಯಿತು. ಹುಡುಗನಿಗೆ ಆಗ ಹದಿಮೂರು. ಗಣಿತ ಓದಿ, ಕಂಪ್ಯೂಟರ್ ಕಟ್ಟುವವರ ಜೊತೆ ಸೇರಿ, 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಬ್ಯಾಂಕ್ ಆಫ್ ಅಮೆರಿಕಕ್ಕಾಗಿ ಕಟ್ಟಿದ 'ಎರ್ಮಾ' ಎಂಬ ವ್ಯವಸ್ಥೆಯಲ್ಲಿ ಕೆಲಸ ಮಾಡಿದರು. ನಮ್ಮ ಚೆಕ್ಕಿನ ಕೆಳಗಡೆ ಒಂದು ಥರ ಸೊಟ್ಟ ಆಕಾರದ ಅಂಕಿಗಳಿರುತ್ತವಲ್ಲ, ಯಂತ್ರ ಓದಲೆಂದು ಕಾಂತೀಯ ಶಾಯಿಯಲ್ಲಿ ಅಚ್ಚು ಹಾಕಿದವು, ಅವು ಬಳಕೆಗೆ ಬಂದದ್ದು ಆ ಕೆಲಸದಿಂದ. ಬೆಂಗಳೂರಿನಲ್ಲಿ ಚೆಕ್ ಹರಿದುಕೊಡುವವರ ಕೈಯಲ್ಲೂ ಆ ಕಾಲದ ಒಂದು ತುಣುಕಿದೆ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ವಾದ ಈ ಅನುಭವದ ಹಿನ್ನೆಲೆಯಿರುವ ಅಧ್ಯಾಯದಲ್ಲಿದೆ. ಕಾಗದಪತ್ರದ ಭಾರಕ್ಕೆ ಬ್ಯಾಂಕುಗಳೂ ಸರ್ಕಾರಿ ಕಚೇರಿಗಳೂ ಕುಸಿಯುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಬಂತು ಎನ್ನುತ್ತಾರೆ. ಏನು ಮಾಡಲು ಸರಿಯಾಗಿ ಬಂತು ಎಂದು ವೈಜನ್‌ಬಾಮ್ ಕೇಳುತ್ತಾರೆ. ಬದಲಾಗಲೇಬೇಕಿದ್ದ ವ್ಯವಸ್ಥೆಗಳನ್ನು ಬದಲಾಗದಂತೆ ಉಳಿಸಿಕೊಡಲು. ಕ್ರಾಂತಿಕಾರಿ ಎಂದು ಎಲ್ಲರೂ ಕರೆಯುವ ಯಂತ್ರವನ್ನು ಯಥಾಸ್ಥಿತಿಯ ಕಾವಲುಗಾರ ಎಂದು ಕರೆಯುವ ಧೈರ್ಯ 1976ರಲ್ಲಿ ಎಂಐಟಿಯ ಒಳಗಿದ್ದವರೊಬ್ಬರಿಗೆ ಇತ್ತು.

ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಹೇಳುವ ನಡುವಿನ ಅಧ್ಯಾಯಗಳನ್ನು ಈಗಿನ ಓದುಗರು ದಾಟಿ ಹೋಗಬಹುದು. ಶೌಚಾಲಯದ ಕಾಗದದ ಸುರುಳಿ ಮತ್ತು ಒಂದು ರಾಶಿ ಕಲ್ಲುಗಳಿಂದ ಕಂಪ್ಯೂಟರ್ ಕಟ್ಟಿ ತೋರಿಸುವ ಪುಟಗಳನ್ನು ಮಾತ್ರ ಬಿಡಬಾರದು, ಇಷ್ಟು ತಿಳಿಯಾಗಿ ಟ್ಯೂರಿಂಗ್ ಯಂತ್ರವನ್ನು ವಿವರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಪುಸ್ತಕದ ಬೆನ್ನೆಲುಬು ಒಂದು ವ್ಯತ್ಯಾಸ: ಲೆಕ್ಕ ಹಾಕಿ ನಿರ್ಧರಿಸುವುದು ಬೇರೆ, ವಿವೇಚಿಸಿ ಆಯ್ದುಕೊಳ್ಳುವುದು ಬೇರೆ. ಯಂತ್ರದ ಕೈಲಿ ಏನೇನು ಮಾಡಿಸಬಹುದು ಎಂದು ಮಾತ್ರ ಕೇಳಬೇಡಿ, ಏನೇನು ಮಾಡಿಸಬಾರದು ಎಂದೂ ಕೇಳಿ ಎನ್ನುತ್ತಾರೆ. ಗೌರವ, ತಿಳಿವಳಿಕೆ, ಪ್ರೀತಿ ಬೇಕಾದ ಕಡೆ ಮನುಷ್ಯನ ಜಾಗದಲ್ಲಿ ಯಂತ್ರ ಕೂರಿಸುವುದು ತಪ್ಪು, ಅದು ಕೆಲಸ ಚೆನ್ನಾಗಿ ಮಾಡಿದರೂ ತಪ್ಪು. ಸ್ಟ್ಯಾನ್‌ಫರ್ಡಿನ ಜಾನ್ ಮೆಕಾರ್ಥಿ, ಕೃತಕ ಬುದ್ಧಿಮತ್ತೆಗೆ ಆ ಹೆಸರು ಕೊಟ್ಟವರು, ಇದರ ಮೇಲೆ ಖಾರವಾದ ವಿಮರ್ಶೆ ಬರೆದರು. ಅದರ ಶೀರ್ಷಿಕೆಯೇ 'ವಿವೇಕವಿಲ್ಲದ ಪುಸ್ತಕ' ಎಂಬರ್ಥದ್ದು. ನೀತಿಬೋಧೆ ಜೋರಾಗಿದೆ, ಆದರೆ ಮಸುಕಾಗಿದೆ ಎಂದು ಅವರ ಮುಖ್ಯ ದೂರು. ಮೆಕಾರ್ಥಿಯವರ ಆತ್ಮವಿಶ್ವಾಸ ನನಗೆ ಒಗ್ಗುವುದಿಲ್ಲ, ಆದರೆ ಈ ದೂರಿನಲ್ಲಿ ಹುರುಳಿದೆ. ಕೇಳುವವರೇ ಇಲ್ಲದವರಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆಗೆ ವೈಜನ್‌ಬಾಮ್ ಬಳಿ ಉತ್ತರವಿಲ್ಲ. ಕಾಲ್ಬಿಯವರ ಲೆಕ್ಕವನ್ನು ನೋಡಿ ಅಸಹ್ಯಪಟ್ಟುಕೊಳ್ಳುತ್ತಾರೆ, ಆ ಲೆಕ್ಕ ಹುಟ್ಟಿದ್ದು ಚಿಕಿತ್ಸಕರು ಸಾಲದ ಆಸ್ಪತ್ರೆಗಳ ಪರಿಸ್ಥಿತಿಯಿಂದ ಎಂಬುದನ್ನು ಸರಸರ ದಾಟಿಬಿಡುತ್ತಾರೆ. ಮನುಷ್ಯನೋ ಯಂತ್ರವೋ ಎಂಬ ಆಯ್ಕೆ ಎಂಐಟಿಯ ಕೋಣೆಯಲ್ಲಿದೆ. ಬಹಳ ಊರುಗಳಲ್ಲಿರುವ ಆಯ್ಕೆ ಯಂತ್ರವೋ ಏನೂ ಇಲ್ಲವೋ ಎಂಬುದು. ಇದಕ್ಕೆ ಮೂರನೆಯ ದಾರಿಯೂ ಇದೆ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಆಧಾರ, 14416ಕ್ಕೆ ಫೋನ್ ಮಾಡಿದರೆ ಆ ಕಡೆ ಕನ್ನಡದಲ್ಲೇ ಮಾತಾಡುವ ಮನುಷ್ಯರು ಸಿಗುತ್ತಾರೆ. ತಂತ್ರಜ್ಞಾನ ಅಲ್ಲೂ ಇದೆ, ಇಬ್ಬರು ಮನುಷ್ಯರ ನಡುವಿನ ತಂತಿಯಾಗಿ. ಯಂತ್ರವನ್ನು ಮನುಷ್ಯನ ಜಾಗದಲ್ಲಿ ಇಡುವುದಕ್ಕೂ ಮನುಷ್ಯರ ನಡುವೆ ಇಡುವುದಕ್ಕೂ ಇರುವ ಈ ಅಂತರವನ್ನು ಪುಸ್ತಕ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ಪೀಠಿಕೆಯನ್ನು ಕನ್ನಡಕ್ಕೆ ತರಬೇಕೆಂಬ ಆಸೆಯಿಂದ ಕೂತಾಗ, ಎಲೈಜಾ ಕನ್ನಡ ಮಾತಾಡಿದ್ದರೆ ಹೇಗಿರುತ್ತಿತ್ತು ಎಂದು ಕಾಗದದ ಮೇಲೆ ಬರೆದು ನೋಡಿದೆ. ಮೊದಮೊದಲು ಸಲೀಸಾಗಿ ಹೋಯಿತು. ಸಂಕಟಗಳನ್ನು ನಾವು 'ನನಗೆ' ಹಚ್ಚಿ ಹೇಳುತ್ತೇವೆ: ನನಗೆ ಬೇಜಾರಾಗಿದೆ, ನನಗೆ ನಿದ್ದೆ ಬರ್ತಿಲ್ಲ, ನನಗೆ ಊರಿನ ನೆನಪು ಬರ್ತದೆ. ಕ್ರಿಯಾಪದ ಮುಟ್ಟಬೇಕಿಲ್ಲ, 'ನನಗೆ' ತೆಗೆದು 'ನಿಮಗೆ' ಹಾಕಿದರೆ ಸಾಕು. ಸಂಕಟ ನಾವು ಮಾಡುವಂಥದ್ದಲ್ಲ, ನಮಗೆ ಬಂದು ಒದಗುವಂಥದ್ದು ಎಂದು ನಮ್ಮ ವ್ಯಾಕರಣ ತಿಳಿದಿರುವುದು ಯಂತ್ರಕ್ಕೆ ಅನುಕೂಲವೇ ಆಯಿತು. ತೊಡಕು ಶುರುವಾದದ್ದು ನಾವಾಗಿ ಮಾಡಿದ್ದನ್ನು ಹೇಳುವಾಗ. 'ಮನೆ ಬಿಟ್ಟು ಬಂದೆ' ಎಂದು ಒಬ್ಬರು ಟೈಪ್ ಮಾಡಿದರು ಅನ್ನಿ. ಇದರಲ್ಲಿ 'ನಾನು' ಇಲ್ಲವೇ ಇಲ್ಲ, ತಿರುಗಿಸಲು ಪದವೇ ಸಿಗುವುದಿಲ್ಲ. ಬಾಲ ತಿರುಗಿಸಬೇಕೆಂದರೆ, ಬಂದೆ ಅನ್ನಬೇಕೋ ಬಂದಿರಿ ಅನ್ನಬೇಕೋ? 'ನೀನು' ಎಂದು ಹಿಡಿದರೆ ಕೆಲಸ ಸುಲಭ, ನಾನು ಬಂದೆ, ನೀನು ಬಂದೆ, ಎರಡೂ ಒಂದೇ. 'ನೀವು' ಎಂದರೆ ಕಷ್ಟ ಹೆಚ್ಚು. ಸಲಿಗೆ ಅಗ್ಗ, ಮರ್ಯಾದೆ ದುಬಾರಿ!

ಇಂಗ್ಲಿಷಿನ 'ಯೂ' ಈ ಪ್ರಶ್ನೆಯನ್ನು ಬಚ್ಚಿಡುತ್ತದೆ. ಎಲೈಜಾ ಎದುರಿನವರನ್ನು ಮೇಲಿಂದ ನೋಡುತ್ತಿದೆಯೇ ಕೆಳಗಿಂದ ನೋಡುತ್ತಿದೆಯೇ ಎಂದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ವೈಜನ್‌ಬಾಮ್ ತಾಯಿನುಡಿ ಜರ್ಮನ್, ಅದರಲ್ಲಿ 'ಡು' ಮತ್ತು 'ಸೀ' ಎಂಬ ಎರಡಿವೆ. ಆ ಭಾಷೆಯಲ್ಲಿ ಬರೆದಿದ್ದರೆ ಮೊದಲ ವಾಕ್ಯಕ್ಕೇ ನಿರ್ಧಾರ ಮಾಡಬೇಕಿತ್ತು. ನಾನಿರುವ ಈ ದೇಶದಲ್ಲಿ ಐಕಿಯಾ ಅಂಗಡಿ ಎಲ್ಲ ಗಿರಾಕಿಗಳನ್ನೂ 'ಡು' ಎಂದೇ ಕರೆಯುತ್ತದೆ. ಪಕ್ಕದ ಮನೆಯವರ ಬಾಯಲ್ಲಿ ಆ 'ಡು' ಕೇಳಬೇಕಾದರೆ ನನಗೆ ಮೂರು ವರ್ಷ ಬೇಕಾಯಿತು. ಇನ್ನು 'ಡಾಕ್ಟರ್' ಪಾತ್ರದಲ್ಲಿ ತಾಯಿ, ತಂದೆ ಮುಂತಾದ ಪದ ಬಂದರೆ ಮನೆಯವರ ಬಗ್ಗೆ ಕೇಳುವ ನಿಯಮವಿದೆ. ಕನ್ನಡದಲ್ಲಿ 'ಅಮ್ಮಾ, ತಲೆನೋವು' ಎಂದು ಟೈಪ್ ಮಾಡಿದ ಗೃಹಿಣಿಗೆ 'ನಿಮ್ಮ ಮನೆಯವರ ಬಗ್ಗೆ ಹೇಳಿ' ಎಂದು ಉತ್ತರ ಬಂದರೆ, ಆಕೆ ಗಂಡನ ಪುರಾಣ ತೆಗೆಯುವುದು ಖಂಡಿತ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಜಾಗಕ್ಕೆ ಮುಟ್ಟಿದಂತೆ.

ಕರೆಯುವ ಪದದಿಂದ ನಂಬಿಕೆ ಗೊತ್ತಾಗುತ್ತದೆಯೇ? ವೈಜನ್‌ಬಾಮ್ ಗೊತ್ತಾಗುತ್ತದೆ ಎಂದುಕೊಂಡರು. ಆತ್ಮೀಯವಾಗಿ ಮಾತಾಡಿದವರೆಲ್ಲ ಯಂತ್ರವನ್ನು ವ್ಯಕ್ತಿಯೆಂದು ತಿಳಿದಿದ್ದಾರೆ ಎಂದು. ಕನ್ನಡದ ಕಿವಿಗೆ ಇದು ಒಪ್ಪುವ ಮಾತಲ್ಲ. ನಾವು 'ನೀನು' ಎನ್ನುವುದು ಮಗುವಿಗೆ, ದೇವರಿಗೆ, ದನಕ್ಕೆ, ಸ್ಟಾರ್ಟ್ ಆಗದ ಸ್ಕೂಟರಿಗೆ. ಸಾಗರದಲ್ಲಿರುವ ನನ್ನ ದೊಡ್ಡಪ್ಪ ಫೋನಿಗೆ 'ನಾಳೆ ಮಳೆ ಬರ್ತದಾ ಹೇಳು ಮಾರಾಯ' ಎನ್ನುತ್ತಾರೆ. ಅದು ಹೇಳಿದ ಮೇಲೆ ನನ್ನ ಕಡೆ ತಿರುಗಿ, 'ಅದು ಎಂತದೋ ಹೇಳ್ತು' ಎನ್ನುತ್ತಾರೆ. ಎದುರಿಗೆ ಮಾರಾಯ, ಬೆನ್ನ ಹಿಂದೆ ಅದು. ಕೊಟ್ಟಿಗೆಯಲ್ಲಿ 'ಬಾ ಗೌರಿ' ಎಂದು ಕರೆದು, ಒಳಗೆ ಬಂದು 'ಅದು ಹಾಲು ಕೊಡ್ತಿಲ್ಲ' ಎನ್ನುವ ಹಾಗೆ. ಕನ್ನಡದಲ್ಲಿ ಪ್ರತಿ ಸಲ ಯಂತ್ರದ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಹೇಳಿತು, ಹೇಳಿದಳು, ಹೇಳಿದರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಇದು ಪಕ್ಕಾ ತಕ್ಕಡಿಯೇನಲ್ಲ. ಮಗುವನ್ನೂ ನಾವು 'ಅಳ್ತಿದೆ' ಎನ್ನುತ್ತೇವೆ, ಹವ್ಯಕರ ಕನ್ನಡದಲ್ಲಿ ಹೆಂಗಸರನ್ನೂ ನಪುಂಸಕದಲ್ಲಿ ಹೇಳುವ ರೂಢಿಯಿದೆ. ಆದರೂ ಭ್ರಮೆಯನ್ನು ಅಳೆಯಬೇಕಿದ್ದರೆ ನಾನು ಯಂತ್ರದ ಎದುರು ಆಡಿದ ಮಾತನ್ನಲ್ಲ, ಅದು ಇಲ್ಲದಾಗ ಅದರ ಬಗ್ಗೆ ಆಡಿದ ಮಾತನ್ನು ನೋಡುತ್ತೇನೆ.

ಇದೇ ದೊಡ್ಡಪ್ಪ ಹೋದ ಬೇಸಿಗೆಯಲ್ಲಿ ನನ್ನನ್ನು ಕೇಳಿದ್ದು: 'ನಾನು ಇದರ ಹತ್ರ ಹೇಳಿದ್ದು ಮತ್ಯಾರಿಗಾದ್ರೂ ಕೇಳ್ತದಾ?' ದೊಡ್ಡಮ್ಮ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗಿವೆ, ಏನೇನೋ ಹೇಳಿಕೊಂಡಿರಬೇಕು. ನಾನು ಕೇಳಲಿಲ್ಲ. ಕೇಳಬಹುದು, ಎಂದೆ, ನಿಲ್ಲಿಸಬಹುದಾದ ಸೆಟ್ಟಿಂಗುಗಳನ್ನು ನಿಲ್ಲಿಸಿಕೊಟ್ಟೆ. ಅವರು ಯಂತ್ರಕ್ಕೆ ಬುದ್ಧಿ ಇದೆಯಾ, ಮನಸ್ಸಿದೆಯಾ ಎಂದು ಒಂದು ಸಲವೂ ಕೇಳಿಲ್ಲ. ಎಂಐಟಿಯ ಕಾರ್ಯದರ್ಶಿ ಕೇಳಿದ್ದು ಮತ್ತು ಅವರು ಕೇಳಿದ್ದು ಒಂದೇ. ಹೊರದೇಶದಲ್ಲಿರುವ ನಮ್ಮಂಥವರು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುವಾಗ, ಊರಿನಲ್ಲಿರುವ ಹಿರಿಯರು ಉಳಿದ ಆರು ದಿನ ಯಾರ ಹತ್ತಿರ ಮಾತಾಡುತ್ತಾರೆ ಎಂಬ ಪ್ರಶ್ನೆಯನ್ನು ಭ್ರಮೆಯ ಪ್ರಶ್ನೆಯೆಂದು ತಳ್ಳಿಹಾಕುವುದು ನಮಗೆ ಬಹಳ ಅನುಕೂಲ.

ಈಗಿನ ಯಂತ್ರಗಳು ಎಲೈಜಾಕ್ಕಿಂತ ಎಷ್ಟೋ ಮುಂದೆ ಹೋಗಿವೆ ನಿಜ. ಕನ್ನಡದಲ್ಲೂ ತಡವರಿಸದೆ ಮಾತಾಡುತ್ತವೆ. ಮರ್ಯಾದೆಯ ಪ್ರಶ್ನೆಯನ್ನು ಎಲ್ಲರಿಗೂ 'ನೀವು' ಎಂದು ಬಗೆಹರಿಸಿಕೊಂಡಿವೆ. ಬೇಜಾರು ಎಂದರೆ 'ನಿಮ್ಮ ಭಾವನೆಗಳನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ' ಎನ್ನುವ ಧಾಟಿ. ವ್ಯಾಕರಣ ಸರಿಯಿದೆ, ಹೀಗೆ ಮಾತಾಡುವ ಮನುಷ್ಯರನ್ನು ನಾನು ಕರ್ನಾಟಕದಲ್ಲಿ ನೋಡಿಲ್ಲ. ನಮ್ಮವರು ಮೊದಲು 'ಊಟ ಆಯ್ತಾ' ಎಂದು ಕೇಳುತ್ತಾರೆ, ಅರ್ಥಮಾಡಿಕೊಂಡೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎಲೈಜಾ ಹೆಚ್ಚಾಗಿ ಕೇಳುತ್ತಿತ್ತು ಅಷ್ಟೇ. ಆ ಮಟ್ಟಿಗೆ ಹಳೆಯ ಯಂತ್ರ ಹೆಚ್ಚು ಪ್ರಾಮಾಣಿಕ.

ವೈಜನ್‌ಬಾಮ್ 1996ರಲ್ಲಿ ಬರ್ಲಿನ್ನಿಗೆ ಮರಳಿದರು, 2008ರಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆಯೊಂದು 2017ರಿಂದ ಅಲ್ಲಿ ನಡೆಯುತ್ತಿದೆ. ಕಳೆದುಹೋಗಿತ್ತು ಎಂದುಕೊಂಡಿದ್ದ ಎಲೈಜಾದ ಮೂಲ ಬರಹ 2021ರಲ್ಲಿ ಎಂಐಟಿಯಲ್ಲಿ ಕಾದಿಟ್ಟಿದ್ದ ಅವರ ಕಾಗದಗಳ ನಡುವೆ ಸಿಕ್ಕಿತು. ಪುಸ್ತಕದ ಜರ್ಮನ್ ಅನುವಾದಕ್ಕೆ 'ಕಂಪ್ಯೂಟರಿನ ಬಲ ಮತ್ತು ವಿವೇಕದ ಬಲಹೀನತೆ' ಎಂಬರ್ಥದ ಶೀರ್ಷಿಕೆಯಿದೆ, ಮೂಲಕ್ಕಿಂತ ನಿರಾಶೆಯದ್ದು. ಕನ್ನಡದಲ್ಲಿ ಶೀರ್ಷಿಕೆಗಿಂತ ಉಪಶೀರ್ಷಿಕೆ ನನ್ನನ್ನು ಕಾಡಿತು: ವಿವೇಚನೆಯಿಂದ ಲೆಕ್ಕಾಚಾರದ ಕಡೆಗೆ. ಇಂಗ್ಲಿಷಿನಲ್ಲಿ ಲೆಕ್ಕ ತಣ್ಣನೆಯ ಪದ. ನಮ್ಮಲ್ಲಿ 'ಅವನು ನನ್ನನ್ನು ಲೆಕ್ಕಕ್ಕೇ ಇಡೋದಿಲ್ಲ' ಎಂದರೆ ನನಗೆ ಮರ್ಯಾದೆ ಕೊಡುವುದಿಲ್ಲ ಎಂದರ್ಥ. ಲೆಕ್ಕ ಮತ್ತು ಗೌರವವನ್ನು ವೈಜನ್‌ಬಾಮ್ ಎದುರುಬದುರು ನಿಲ್ಲಿಸುತ್ತಾರೆ, ಕನ್ನಡ ಒಂದೇ ಪದದಲ್ಲಿ ಇಡುತ್ತದೆ. ಉಪಶೀರ್ಷಿಕೆಯನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.

ಕಾರ್ಯದರ್ಶಿಯ ವಾಕ್ಯಕ್ಕೂ ಬಹಳ ಹೊತ್ತು ಹಿಡಿಯಿತು. ಕೋಣೆ ಬಿಡುವಂತೆ ಕೇಳಿದರು ಎಂದು ಮಾತ್ರ ಇಂಗ್ಲಿಷಿನಲ್ಲಿದೆ, ದನಿ ಹೇಗಿತ್ತು ಎಂದಿಲ್ಲ. 'ಹೊರಗೆ ಹೋಗಿ' ಎಂದು ಬರೆದರೆ ಆಕೆ ಮೈಮೇಲೆ ಬಂದವಳಂತೆ ಕಾಣುತ್ತಾಳೆ, ವೈಜನ್‌ಬಾಮ್ ವಾದಕ್ಕೆ ಅದು ಸರಿಹೊಂದುತ್ತದೆ. ಕಚೇರಿಯಲ್ಲಿ ಕೆಲಸ ಮಾಡುವ ಮಹಿಳೆ ಮೇಲಧಿಕಾರಿಗೆ ಹಾಗೆ ಹೇಳುವುದಿಲ್ಲ. ನೇರ ಮಾತಿಗೆ ತಿರುಗಿಸಿ, 'ಒಂದೈದು ನಿಮಿಷ ಹೊರಗಿರ್ತೀರಾ, ಸರ್?' ಎಂದು ಬರೆದಿದ್ದೇನೆ.